ಪಂಚತಂತ್ರಕ್ಕೆ ಗೆಜ್ಜೆ ಕಟ್ಟುವವರಿಗೆ

ಎರೆಹೊಲದ ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ನಮ್ಮ ಕಡೆಯ ಶಾಲೆಗಳಲ್ಲಿ ಸ್ನೇಹಸಮ್ಮೇಳನಗಳ ಸುಗ್ಗಿ. ರೋಣವಾಗಲಿ, ನರಗುಂದವಾಗಲಿ, ಗಜೇಂದ್ರಗಡವಾಗಲಿ, ಅಂಗಳದಲ್ಲಿ ಹಂದರ ಏಳುತ್ತದೆ, ಧ್ವನಿವರ್ಧಕ ಗಂಟಲು ಸರಿಮಾಡಿಕೊಳ್ಳುತ್ತದೆ. ಸ್ವಾಗತಗೀತೆ, ವರದಿವಾಚನ, ಬಹುಮಾನ ಹಂಚಿಕೆ ಇವೆಲ್ಲ ಮುಗಿದ ಮೇಲೆ ಎಲ್ಲರೂ ಕಾದು ಕುಳಿತ 'ಮನರಂಜನೆ' ಬರುತ್ತದೆ. ಅದರಲ್ಲಿ ಸಿನೆಮಾ ಹಾಡುಗಳ ನಡುವೆ ಎಲ್ಲೋ ಒಂದು ಕಡೆ 'ಪಂಚತಂತ್ರ: ನೃತ್ಯರೂಪಕ' ಎಂಬ ಹೆಸರು ಇದ್ದೇ ಇರುತ್ತದೆ. ರಟ್ಟಿನ ಸಿಂಹ ಬರುತ್ತದೆ, ಬಾಲ ಕಟ್ಟಿದ ನರಿ ಬರುತ್ತದೆ, ಉದ್ದ ಕಿವಿಯ ಮೊಲ ಬರುತ್ತದೆ. ಎಲ್ಲಿಯೋ ಯಾರೋ ಹಾಡಿ ಮುದ್ರಿಸಿದ ಹಾಡು ಪೆಟ್ಟಿಗೆಯೊಳಗಿಂದ ಹೊರಡುತ್ತದೆ. ಮಕ್ಕಳು ಅದಕ್ಕೆ ತಕ್ಕಂತೆ ಕೈಕಾಲು ಆಡಿಸುತ್ತಾರೆ. ಏಳೆಂಟು ನಿಮಿಷಗಳಲ್ಲಿ ಸಿಂಹ ಬಾವಿಗೆ ಬೀಳುತ್ತದೆ. ಆಗ ಶಿಕ್ಷಕರೊಬ್ಬರು ಮುಂದೆ ಬಂದು ಈ ಕಥೆಯಿಂದ ನಾವು ಕಲಿಯತಕ್ಕ ನೀತಿ ಇಂಥದು ಎಂದು ಸಾರುತ್ತಾರೆ. ಅಲ್ಲಿಗೆ ಸಾವಿರ ವರ್ಷದ ಗ್ರಂಥವೊಂದರ ಸೇವೆ ಮುಗಿಯಿತು.

ಚಪ್ಪಾಳೆಗೇನೂ ಕೊರತೆಯಿಲ್ಲ. ತಂದೆತಾಯಿಗಳು ಮೊಬೈಲು ಎತ್ತಿ ಹಿಡಿದು ತಮ್ಮ ಮಗುವಿನ ಕುಣಿತವನ್ನಷ್ಟೇ ಚಿತ್ರೀಕರಿಸಿಕೊಳ್ಳುತ್ತಾರೆ. ಇಂಥ ಸಂತೋಷದ ನಡುವೆ ಅಪಸ್ವರ ಎತ್ತುವುದು ಹಿತವಾದ ಕೆಲಸವಲ್ಲ. ಆದರೂ ಹೇಳಲೇಬೇಕಾದ ಮಾತೊಂದಿದೆ. ಅಂಗಳದಲ್ಲಿ ಕುಣಿದದ್ದು ಪಂಚತಂತ್ರವಲ್ಲ, ಅದರ ತೊಗಲು. ಹುಲಿಯ ತೊಗಲು ಹೊದ್ದು ಹೊಲ ಮೇಯುತ್ತಿದ್ದ ಕತ್ತೆಯ ಕಥೆ ಎಲ್ಲರಿಗೂ ಗೊತ್ತು. ಆ ಕತ್ತೆ ಒಂದು ದಿನ ತಡೆಯಲಾರದೆ ಒದರಿತು, ಸಿಕ್ಕಿಬಿದ್ದಿತು. ನಮ್ಮ ನೃತ್ಯರೂಪಕಗಳ ಕತ್ತೆ ಅದಕ್ಕಿಂತ ಜಾಣ. ಅದು ಬಾಯನ್ನೇ ತೆರೆಯುವುದಿಲ್ಲ, ಆದ್ದರಿಂದ ಯಾರ ಕೈಗೂ ಸಿಕ್ಕುವುದಿಲ್ಲ.

ಈ ಆಕ್ಷೇಪವನ್ನು ಬೇರೆ ಯಾವ ಸೀಮೆಯಲ್ಲಿ ಎತ್ತದಿದ್ದರೂ ರೋಣದ ಸೀಮೆಯಲ್ಲಿ ಎತ್ತಲೇಬೇಕು. ಏಕೆಂದರೆ ಪಂಚತಂತ್ರ ಕನ್ನಡಕ್ಕೆ ಬಂದದ್ದು ಈ ಮಣ್ಣಿನವನೊಬ್ಬನ ಕೈಯಿಂದ. ಅವನು ದುರ್ಗಸಿಂಹ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹ, ಅಂದರೆ ಜಗದೇಕಮಲ್ಲನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅವನ ಊರು ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರ. ಅದು ಇಂದಿನ ರೋಣ ತಾಲೂಕಿನ ಸವಡಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ 'ಪಂಚತಂತ್ರ' ಸಿದ್ಧವಾದದ್ದು ೧೦೩೧ರ ಸುಮಾರಿಗೆ. ಭಾರತದ ದೇಶಭಾಷೆಗಳಲ್ಲಿ ಈ ಕಥೆಗಳನ್ನು ಮೊದಲು ತನ್ನದಾಗಿಸಿಕೊಂಡ ಕೀರ್ತಿ ಕನ್ನಡದ್ದು, ಆ ಕೀರ್ತಿಯ ಮೂಲ ರೋಣದ ಮಗ್ಗುಲಲ್ಲಿದೆ. ಅದೇ ಕಾಲದಲ್ಲಿ ರೋಣ-ಗಜೇಂದ್ರಗಡಗಳ ನಡುವಣ ಸೂಡಿಯನ್ನು ನೆಲೆಯಾಗಿ ಮಾಡಿಕೊಂಡು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದವಳು ಜಯಸಿಂಹನ ಅಕ್ಕ ಅಕ್ಕಾದೇವಿ. ಇನ್ನೂ ಹಿಂದಕ್ಕೆ ಹೋದರೆ, ಹಿಂದೆ ಕಿಸುವೊಳಲು ಎನಿಸಿಕೊಂಡ ಪಟ್ಟದಕಲ್ಲಿನ ಎಂಟನೆಯ ಶತಮಾನದ ಗುಡಿಗಳಲ್ಲಿ ಇವೇ ಪ್ರಾಣಿಕಥೆಗಳು ಕಲ್ಲಿನಲ್ಲಿ ಮೂಡಿವೆ. ಅಂದರೆ ದುರ್ಗಸಿಂಹ ಲೇಖನಿ ಹಿಡಿಯುವುದಕ್ಕೆ ಮುನ್ನೂರು ವರ್ಷ ಮೊದಲೇ ಈ ನೆಲದ ಕಲ್ಲುಕುಟಿಗನಿಗೆ ಈ ಕಥೆಗಳು ಗೊತ್ತಿದ್ದುವು.

ಈಗ ಸಮ್ಮೇಳನದ ಹಂದರದಲ್ಲಿ ಕುಳಿತ ಹತ್ತು ಮಂದಿ ಸುಶಿಕ್ಷಿತರನ್ನು ಪಂಚತಂತ್ರ ಬರೆದವರು ಯಾರೆಂದು ಕೇಳಿರಿ. ವಿಷ್ಣುಶರ್ಮ ಎನ್ನುವರು. ತಪ್ಪಲ್ಲ. ಕನ್ನಡದಲ್ಲಿ ಬರೆದವರು ಯಾರೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುವರು. ಸವಡಿಯಿಂದ ಕೂಗಳತೆಯಲ್ಲಿ ಸಿಂಹ-ನರಿಗಳು ಕುಣಿಯುತ್ತಿರುವಾಗ ಅವುಗಳಿಗೆ ಕನ್ನಡದ ಬಾಯಿ ಕೊಟ್ಟವನ ಹೆಸರು ಕಾರ್ಯಕ್ರಮ ಪತ್ರಿಕೆಯಲ್ಲಿ ಇರುವುದಿಲ್ಲ. ಹಾಡು ಮುದ್ರಿಸಿದ ಕಂಪನಿಯ ಹೆಸರನ್ನಾದರೂ ಪೆಟ್ಟಿಗೆ ಕೂಗಿ ಹೇಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆ ಕೊಡಬಾರದು. ಹಳೆಯ ಗ್ರಂಥವನ್ನು ಮುಟ್ಟಬೇಡಿರಿ, ಅದು ಮೈಲಿಗೆಯಾದೀತು ಎನ್ನುವ ಮಡಿವಂತರ ಪಕ್ಷ ನಮ್ಮದಲ್ಲ. ಪಂಚತಂತ್ರದ ಚರಿತ್ರೆಯೇ ರೂಪಾಂತರಗಳ ಚರಿತ್ರೆ. ದುರ್ಗಸಿಂಹ ತನ್ನ ಕಥೆಗಳ ಹುಟ್ಟನ್ನು ಹೇಳುವ ಬಗೆಯನ್ನೇ ನೋಡಿರಿ. ಶಿವ ಪಾರ್ವತಿಗೆ ಹೇಳಿದ ಕಥೆಯನ್ನು ಪುಷ್ಪದಂತ ಕದ್ದು ಕೇಳಿದ. ಅವನೇ ಗುಣಾಢ್ಯನಾಗಿ ಹುಟ್ಟಿ ಪೈಶಾಚಿಯಲ್ಲಿ ಬೃಹತ್ಕಥೆಯನ್ನು ರಚಿಸಿದ. ಅದರೊಳಗಿಂದ ಐದು ತಂತ್ರಗಳನ್ನು ವಸುಭಾಗನು ಸಂಸ್ಕೃತಕ್ಕೆ ತಂದ. ಅದನ್ನು ತಾನು ಕನ್ನಡಿಸಿದೆನೆಂಬುದು ಕವಿಯ ಮಾತು. ಕದ್ದು ಕೇಳಿದಲ್ಲಿಂದ ಮೊದಲುಗೊಂಡ ಪರಂಪರೆಗೆ ಮಡಿಯ ಬೇಲಿ ಹಾಕುವವರು ನಾವು ಯಾರು? ದುರ್ಗಸಿಂಹನಾದರೂ ಪದಕ್ಕೆ ಪದ ಇಟ್ಟವನಲ್ಲ. ವಿಷ್ಣುಶರ್ಮನ ಮಿತ್ರಭೇದ, ಮಿತ್ರಲಾಭ ಮುಂತಾದ ಪಂಕ್ತಿಯ ಬದಲು ಅವನ ಗ್ರಂಥದಲ್ಲಿ ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂಬ ಐದು ಪ್ರಕರಣಗಳಿವೆ. ಬೇರೆ ಪಾಠಗಳಲ್ಲಿ ಇಲ್ಲದ ಕಥೆಗಳೂ ಅವನಲ್ಲಿವೆ.

ಹೊರಗಿನ ಪ್ರಯಾಣ ಇದಕ್ಕಿಂತ ದೊಡ್ಡದು. ಆರನೆಯ ಶತಮಾನದಲ್ಲಿ ಪಾರಸಿಕರ ವೈದ್ಯ ಬುರ್ಜೋ ಇದನ್ನು ಪಹ್ಲವಿಗೆ ಒಯ್ದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್‌ ಮುಕಫ್ಫಾ ಅರಬ್ಬಿಗೆ ತಂದ. ನಮ್ಮ ಕರಟಕ-ದಮನಕರೇ ಅಲ್ಲಿ ಕಲೀಲ-ದಿಮ್ನರಾದರು. ಫ್ರಾನ್ಸಿನ ಲಾ ಫೋಂತೇನ್ ೧೬೭೮ರಲ್ಲಿ ತನ್ನ ಎರಡನೆಯ ಕಥಾಗುಚ್ಛ ತರುವಾಗ ಭಾರತದ ಋಷಿ ಪಿಲ್‌ಪೇಗೆ ತಾನು ಋಣಿ ಎಂದು ಒಪ್ಪಿಕೊಂಡ. ಪೂರ್ವಕ್ಕೆ ಹೋದರೆ ಜಾವಾದ ಮೆಂಡುತ್ ಗುಡಿಯ ಗೋಡೆಯ ಮೇಲೆ ಹಂಸಗಳು ಆಮೆಯನ್ನು ಕೋಲಿಗೆ ಕಚ್ಚಿಸಿಕೊಂಡು ಹಾರುತ್ತಿವೆ. ದುರ್ಗಸಿಂಹ ಅನುಸರಿಸಿದ ವಸುಭಾಗನ ಪರಂಪರೆಗೂ ಜಾವಾದ ತಂತ್ರಿ ಕಥೆಗಳಿಗೂ ಇರುವ ನಂಟನ್ನು ಮೈಸೂರಿನ ಎ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಕಲ್ಲಾಗಿ, ಅರಬ್ಬಿಯಾಗಿ, ಫ್ರೆಂಚ್ ಪದ್ಯವಾಗಿ ಬದುಕಿದ ಗ್ರಂಥಕ್ಕೆ ಕುಣಿತವಾಗುವ ಹಕ್ಕಿಲ್ಲವೆಂದು ಯಾರು ಹೇಳಿಯಾರು? ರೂಪಾಂತರ ಮಾಡಬಹುದೇ ಎಂಬುದು ಪ್ರಶ್ನೆಯಲ್ಲ. ರೂಪ ಬದಲಾದಾಗ ಏನು ಉಳಿಯಬೇಕು ಎಂಬುದು ಪ್ರಶ್ನೆ.

ಉಳಿಯಬೇಕಾದದ್ದು ಒಂದು ಚಿಕ್ಕ ಮಾತು: 'ಅದು ಹೇಗೆ?'

ಪಂಚತಂತ್ರದ ಯಂತ್ರ ತಿರುಗುವುದೇ ಈ ಕೀಲಿನ ಮೇಲೆ. ಒಬ್ಬನು ಒಂದು ನೀತಿ ಹೇಳುತ್ತಾನೆ, ಹಾಗೆ ಮಾಡಿದ್ದಕ್ಕೇ ಇಂಥವನು ಕೆಟ್ಟ ಎನ್ನುತ್ತಾನೆ. ಕೇಳುವವನು ಸುಮ್ಮನೆ ತಲೆದೂಗುವುದಿಲ್ಲ, 'ಅದು ಹೇಗೆ?' ಎನ್ನುತ್ತಾನೆ. ಆಗ ಕಥೆ. ಆ ಕಥೆಯೊಳಗಿನ ಪಾತ್ರ ಇನ್ನೊಂದು ನೀತಿ ಹೇಳುತ್ತದೆ, ಅಲ್ಲಿಯೂ 'ಅದು ಹೇಗೆ?'. ಆಗ ಕಥೆಯೊಳಗೊಂದು ಕಥೆ. ಹೇಳಿದ್ದನ್ನು ಹೇಳಿದಂತೆ ನಂಬದವನ ಪ್ರಶ್ನೆ ಇದು, ಮಕ್ಕಳ ಪ್ರಶ್ನೆಯೂ ಇದೇ. ಮಂಕುಬಡಿದ ರಾಜಕುಮಾರರನ್ನು ಜಾಣರನ್ನಾಗಿ ಮಾಡಿದ್ದು ಕೇವಲ ನೀತಿವಾಕ್ಯಗಳಲ್ಲ. ನೀತಿವಾಕ್ಯಗಳಿಂದ ಯಾರಾದರೂ ಜಾಣರಾಗುವಂತಿದ್ದರೆ ಶಾಲೆಯ ಗೋಡೆಗಳೇ ಸಾಕಾಗಿದ್ದುವು. ಪ್ರಶ್ನೆ ಕೇಳುವ ಅಭ್ಯಾಸ ಅವರನ್ನು ಜಾಣರನ್ನಾಗಿಸಿತು. ಪೆಟ್ಟಿಗೆಯ ಹಾಡಿಗೆ ಮೂಕಾಭಿನಯ ಮಾಡುವ ಮಗು ಈ ಪ್ರಶ್ನೆಯನ್ನು ಕೇಳಲಾರದು. ಕೇಳಿದರೂ ಪೆಟ್ಟಿಗೆ ನಿಲ್ಲುವುದಿಲ್ಲ.

'ಪ್ರಾಣಿಗಳ ಕಥೆಗೆ ಮಾತೇಕೆ? ನೆಗೆತ, ಹಾರಾಟ ಸಾಕಲ್ಲ' ಎನ್ನುವವರಿದ್ದಾರೆ. ಅವರು ಕಥೆಗಳನ್ನು ಮತ್ತೊಮ್ಮೆ ಓದಬೇಕು. ಕತ್ತೆ ಸಿಕ್ಕಿಬಿದ್ದದ್ದು ದನಿಯಿಂದ. ನೀಲಿಯ ಬಾನೆಗೆ ಬಿದ್ದು ಅರಸನಾದ ನರಿ ಕೆಟ್ಟದ್ದು ಊಳಿಟ್ಟದ್ದರಿಂದ. ಕೋಲು ಕಚ್ಚಿದ ಆಮೆ ಸತ್ತದ್ದು ಬಾಯಿ ತೆರೆದದ್ದರಿಂದ. ಮೊಸಳೆಯ ಬೆನ್ನ ಮೇಲೆ ಕುಳಿತ ಮಂಗ ಬದುಕಿದ್ದು, ಎದೆಯ ಗುಂಡಿಗೆಯನ್ನು ಮರದ ಮೇಲೆ ಬಿಟ್ಟು ಬಂದೆನೆಂಬ ಒಂದು ಮಾತಿನಿಂದ. ಗುಹೆಯೊಳಗೆ ಅಡಗಿದ ಸಿಂಹ ಬಯಲಾದದ್ದು, ಗುಹೆಯೇ ಮಾತನಾಡುತ್ತದೆಂದು ನರಿ ನಂಬಿಸಿದ್ದರಿಂದ. ಮೊಲ ಸಿಂಹವನ್ನು ಬಾವಿಗೆ ಕೆಡವಿದ್ದು ತೋಳಿನ ಬಲದಿಂದಲೇ? ಸುಳ್ಳಿನ ಬಲದಿಂದ. ಈ ಕಥೆಗಳಲ್ಲಿ ಉಗುರು ಕೋರೆಗಳಿಗಿಂತ ಹರಿತವಾದದ್ದು ನಾಲಗೆ. ಮಾತಿನಿಂದ ಸತ್ತವರ, ಮಾತಿನಿಂದ ಬದುಕಿದವರ ಕಥೆಗಳನ್ನು ಮಾತಿಲ್ಲದೆ ಹೇಳುತ್ತೇವೆಂಬುದು, ಮದುಮಗನಿಲ್ಲದೆ ಮದುವೆಯ ಮೆರವಣಿಗೆ ಹೊರಡಿಸಿದಂತೆ.

ಬೇರೆ ದೇಶಗಳಲ್ಲಿ ಈ ತೊಡಕನ್ನು ಹೇಗೆ ಎದುರಿಸಿದರೆಂಬುದನ್ನು ನೋಡಬಹುದು. ಮಕ್ಕಳ ಬ್ಯಾಲೆ ಎಂದೊಡನೆ ಎಲ್ಲರ ಬಾಯಿಗೂ ಬರುವುದು 'ನಟ್‌ಕ್ರ್ಯಾಕರ್'. ಮೂಲಕಥೆ ಜರ್ಮನಿಯ ಹಾಫ್‌ಮನ್ ೧೮೧೬ರಲ್ಲಿ ಬರೆದದ್ದು. ೧೮೪೪ರಲ್ಲಿ ಫ್ರಾನ್ಸಿನ ಡ್ಯೂಮಾ ಅದನ್ನು ಹಗುರಗೊಳಿಸಿ ಹೇಳಿದ. ಅದರ ಆಧಾರದಿಂದ ಚೈಕೋವ್‌ಸ್ಕಿಯ ಸಂಗೀತದೊಡನೆ ೧೮೯೨ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಬ್ಯಾಲೆ ರಂಗಕ್ಕೆ ಬಂತು. ಹಾಫ್‌ಮನ್ನನ ಕಥೆಯ ನಡುವೆ ಗಟ್ಟಿ ಬೀಜದ ಕಥೆಯೆಂಬ ಒಳಗಥೆಯೊಂದಿದೆ. ಬೊಂಬೆ ಹಾಗೇಕಾಯಿತೆಂಬ ಗುಟ್ಟೆಲ್ಲ ಇರುವುದು ಅಲ್ಲಿ. ಬ್ಯಾಲೆ ಅದನ್ನೇ ಬಿಟ್ಟಿತು. ಸಂಗೀತ ಅಮರವಾಯಿತು, ನಿಜ. ಆದರೆ ಎರಡನೆಯ ಅಂಕದಲ್ಲಿ ಕಥೆ ನಿಂತೇ ಹೋಗಿ ಮಿಠಾಯಿಗಳ ಮೆರವಣಿಗೆಯಾಗುತ್ತದೆ. ಚೈಕೋವ್‌ಸ್ಕಿಯಂಥವನು ಬೆನ್ನಿಗಿದ್ದಾಗ ಅಷ್ಟು ನಷ್ಟವನ್ನು ತಾಳಿಕೊಳ್ಳಬಹುದು. ನಮ್ಮ ಪೆಟ್ಟಿಗೆಯ ಹಾಡಿಗೆ ಆ ತ್ರಾಣವಿದೆಯೇ?

ಇನ್ನೊಂದು ಉದಾಹರಣೆ ಇದಕ್ಕೆ ವಿರುದ್ಧವಾದದ್ದು. ಲೂಯಿ ಕ್ಯಾರಲನ 'ಆಲಿಸ್' ಮಾತಿನ ಚೇಷ್ಟೆಯೇ ಪ್ರಾಣವಾದ ಪುಸ್ತಕ. ೨೦೧೧ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಗೆ ಕ್ರಿಸ್ಟೋಫರ್ ವೀಲ್ಡನ್ ಅದನ್ನು ಅಳವಡಿಸಿದಾಗ ಹುಚ್ಚು ಟೋಪಿಯವನ ಹರಟೆಯನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿರಲೇಬೇಕು. ಅವರು ಕಂಡುಕೊಂಡ ಉಪಾಯ, ಅವನ ಪಾದರಕ್ಷೆಗಳಿಂದ ನೆಲಕ್ಕೆ ಟಕಟಕನೆ ಬಡಿದು ಕುಣಿಸುವುದು. ಬಾಯಿಯ ಹರಟೆ ಕಾಲಿಗೆ ಇಳಿಯಿತು. ಅದು ಪೂರ್ತಿ ಸಮಾಧಾನದ ಉತ್ತರವೋ ಅಲ್ಲವೋ ಬೇರೆ ಮಾತು. ಆದರೆ ಅಲ್ಲಿ ಒಂದು ಆಲೋಚನೆಯಿದೆ. ಕಳೆದುಹೋಗುವುದು ಏನೆಂದು ಬಲ್ಲವನು ಮಾತ್ರ ಅದರ ಬದಲಿಗೆ ಏನನ್ನಾದರೂ ತಂದಿಡಬಲ್ಲ.

ನಮ್ಮ ದೇಶದಲ್ಲಿಯೇ ಪಂಚತಂತ್ರ ಬ್ಯಾಲೆಯಾಗಿದೆ, ಒಳ್ಳೆಯ ಬ್ಯಾಲೆಯೇ ಆಗಿದೆ. ಉದಯಶಂಕರರ ಆಲ್ಮೋರಾ ಕೇಂದ್ರದಲ್ಲಿ ಪಳಗಿದ ಶಾಂತಿ ಬರ್ಧನ್ ೧೯೫೨ರಲ್ಲಿ ಮುಂಬಯಿಯಲ್ಲಿ ಲಿಟಲ್ ಬ್ಯಾಲೆ ಟ್ರೂಪ್ ಕಟ್ಟಿದರು. ನಟರನ್ನು ಬೊಂಬೆಗಳಂತೆ ಚಲಿಸುವಂತೆ ಮಾಡಿದ ಅವರ 'ರಾಮಾಯಣ' ದೇಶವಿದೇಶಗಳಲ್ಲಿ ಹೆಸರಾಯಿತು. ಆಮೇಲೆ ಅವರು ಕೈಗೆತ್ತಿಕೊಂಡದ್ದು ಪಂಚತಂತ್ರವನ್ನು. ಕ್ಷಯದಿಂದ ನವೆದ ಅವರು ೧೯೫೪ರಲ್ಲಿ ತೀರಿಕೊಂಡರು. ತಂಡವನ್ನು ಗುಲ್ ಬರ್ಧನ್ ಅವರು ೨೦೧೦ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು. ಇಲ್ಲಿ ಗಮನಿಸಬೇಕಾದದ್ದು ಬರ್ಧನ್ ಆರಿಸಿಕೊಂಡ ಕಥೆ: ಕಾಗೆ, ಇಲಿ, ಆಮೆ, ಜಿಂಕೆ ಈ ನಾಲ್ವರ ಗೆಳೆತನದ ಕಥೆ. ಅಲ್ಲಿ ಬಲೆಯಿದೆ, ಬಲೆಯನ್ನು ಕಡಿಯುವ ಹಲ್ಲಿದೆ, ಸತ್ತಂತೆ ಬಿದ್ದುಕೊಂಡ ಜಿಂಕೆಯಿದೆ, ಆಸೆಬುರುಕ ಬೇಡನ ಓಟವಿದೆ. ಕಥೆಯ ತಿರುಳೇ ಕ್ರಿಯೆಯಲ್ಲಿದೆ. ದೇಹ ಹೇಳಬಲ್ಲ ಕಥೆಯನ್ನು ದೇಹಕ್ಕೆ ಕೊಟ್ಟರು. ಸಿಂಹ ಪಿಂಗಳಕನ ಕಿವಿಯಲ್ಲಿ ಒಂದು, ಎತ್ತು ಸಂಜೀವಕನ ಕಿವಿಯಲ್ಲಿ ಇನ್ನೊಂದು ಊದುವ ದಮನಕನ ಕಥೆಗೆ ಅವರು ಕೈ ಹಾಕಲಿಲ್ಲ. ಕಲಾವಿದನ ವಿವೇಕ ಎನ್ನುವುದು ಇದಕ್ಕೆ. ನಮ್ಮ ಹಂದರಗಳಲ್ಲಿ ಯಾವ ಕಥೆಯಾದರೂ ಸರಿ, ಮುಖವಾಡ ಸಿಕ್ಕರೆ ಸಾಕು.

ಕನ್ನಡದಲ್ಲಿ ಬ್ಯಾಲೆಯ ಮಾತು ಬಂದಾಗ ಶಿವರಾಮ ಕಾರಂತರನ್ನು ನೆನೆಯದೆ ಮುಂದೆ ಹೋಗಲಾಗದು. ಯಕ್ಷಗಾನವನ್ನು ಬ್ಯಾಲೆಯಾಗಿಸುವಾಗ ಅವರು ಆಟದ ಮಾತುಗಾರಿಕೆಯನ್ನು ಕೈಬಿಟ್ಟರು, ಹಿಮ್ಮೇಳಕ್ಕೆ ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿದರು. ಅದರ ಮೇಲೆ ಕರಾವಳಿಯಲ್ಲಿ ನಡೆದ ಜಗಳ ಸಣ್ಣದಲ್ಲ. ನಮ್ಮ ನೃತ್ಯರೂಪಕದವರು ಕಾರಂತರನ್ನು ತಮ್ಮ ಸಾಕ್ಷಿಗೆ ಕರೆಯಬಹುದು. ಆದರೆ ಸಾಕ್ಷಿ ಅವರ ಪರವಾಗಿ ನಿಲ್ಲಲಾರದು. ಕಾರಂತರು ಬಿಟ್ಟದ್ದು ದಶಕಗಳ ಕಾಲ ಅಭ್ಯಾಸ ಮಾಡಿ, ಏನನ್ನು ಬಿಡುತ್ತಿದ್ದೇನೆಂದು ಅರಿತು. ಮಾತು ಹೋದರೂ ಭಾಗವತನ ಕನ್ನಡ ಹಾಡು ರಂಗದ ಮೇಲೆಯೇ, ಜೀವಂತ ಕೊರಳಿನಿಂದಲೇ ಉಳಿಯಿತು. ಮೇಲಾಗಿ ಆ ಪ್ರಸಂಗಗಳು ನೋಡುವವರ ನೆತ್ತರಿನಲ್ಲಿ ಸೇರಿಹೋದ ಪುರಾಣಗಳು. ಅಭಿಮನ್ಯು ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಇಂದಿನ ಮಗುವಿಗೆ ಸಂಜೀವಕ ಯಾರೆಂದು ಹೇಳಿದವರು ಯಾರು? ಅಜ್ಜಿ ಬೇರೆ ಊರಲ್ಲಿ. ಕನ್ನಡದಲ್ಲಿ ೧೯೪೯ರಿಂದ ಮನೆಮನೆಗೆ ಕಥೆ ಹೊತ್ತು ತರುತ್ತಿದ್ದ 'ಚಂದಮಾಮ' ಕಣ್ಮುಚ್ಚಿ ವರ್ಷಗಳಾದುವು. ಗೊತ್ತಿದ್ದ ಕಥೆಯನ್ನು ಮೌನದಲ್ಲಿ ಕಾಣಿಸುವುದು ಕಲೆ. ಗೊತ್ತಿಲ್ಲದ ಕಥೆಯನ್ನು ಮೌನದಲ್ಲಿ ಕಾಣಿಸಿ ಕೊನೆಗೊಂದು ನೀತಿ ಅಂಟಿಸುವುದು ಕೇವಲ ವಿಧಿ ಮುಗಿಸುವ ಕೆಲಸ.

ಆ ನೀತಿಯ ವಿಷಯಕ್ಕೇ ಬರೋಣ. ನಮ್ಮ ಸಮ್ಮೇಳನಗಳ ಪಂಚತಂತ್ರದಿಂದ ಹೊರಡುವ ನೀತಿಗಳು ಎಷ್ಟು ಸಪ್ಪೆ! ಕೂಡಿ ಬಾಳಬೇಕು, ಸುಳ್ಳು ಹೇಳಬಾರದು, ದೊಡ್ಡವರ ಮಾತು ಕೇಳಬೇಕು. ಬುದ್ಧಿಯ ಬಲದಿಂದ ದುಷ್ಟನನ್ನು ಸುಳ್ಳು ಹೇಳಿಯೇ ಕೊಂದ ಮೊಲದ ಕಥೆಯ ಕೊನೆಗೆ 'ಸುಳ್ಳು ಹೇಳಬಾರದು' ಎಂದು ಸಾರುವವರ ಧೈರ್ಯವನ್ನು ಮೆಚ್ಚಬೇಕು! ಪಂಚತಂತ್ರವು ಸಾಧುಮಕ್ಕಳಿಗೆ ಬರೆದ ಸುಭಾಷಿತವಲ್ಲ. ಅದು ರಾಜನೀತಿ. ಸಂಧಿವಿಗ್ರಹಿಯೊಬ್ಬನು, ಅಂದರೆ ಯುದ್ಧ-ಒಪ್ಪಂದಗಳ ಲೆಕ್ಕವನ್ನು ಹಗಲಿರುಳೂ ಕಂಡ ಮಂತ್ರಿಯೊಬ್ಬನು, ಅದನ್ನು ಕನ್ನಡಕ್ಕೆ ತಂದದ್ದು ಆಕಸ್ಮಿಕವಲ್ಲ. ಅರಸನ ಕಿವಿ ಯಾರ ಕೈಯಲ್ಲಿದೆ, ಹೊಗಳುವವನ ಹೊಟ್ಟೆಯಲ್ಲಿ ಏನಿದೆ, ಬಲವಿಲ್ಲದವನು ಬಲ್ಲಿದನ ಎದುರು ಹೇಗೆ ಬದುಕಬೇಕು, ಇವು ಅದರ ಪಾಠಗಳು.

ಈ ಪಾಠಗಳ ಬೆಲೆ ನಮ್ಮ ಮೂರು ಊರುಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ೧೭೮೫ರಲ್ಲಿ ನರಗುಂದದ ಕೋಟೆಯ ಸುತ್ತ ಹೊತ್ತಿದ ಜಗಳ ಮರಾಠರಿಗೂ ಟೀಪುವಿಗೂ ಯುದ್ಧವಾಗಿ ಬೆಳೆದು ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ಭೇದವೂ ಸಂಧಿಯೂ ಈ ನೆಲದ ಮೇಲೆಯೇ ನಡೆದುವು. ದತ್ತಕದ ಹಕ್ಕನ್ನು ಕಂಪನಿ ಸರಕಾರ ನಿರಾಕರಿಸಿದಾಗ ನರಗುಂದದ ಬಾಬಾಸಾಹೇಬ ೧೮೫೮ರಲ್ಲಿ ಬಂಡೆದ್ದು ಗಲ್ಲಿಗೇರಿದ. ೧೯೮೦ರ ಜುಲೈ ೨೧ರಂದು, ಮಲಪ್ರಭೆಯ ನೀರಿನ ಹೆಸರಿನಲ್ಲಿ ಹೇರಿದ ಕರವನ್ನು ಪ್ರತಿಭಟಿಸಿದ ನರಗುಂದದ ರೈತರ ಮೇಲೆ ಗುಂಡು ಹಾರಿತು, ಕರ್ನಾಟಕದ ರೈತ ಚಳವಳಿ ಅಲ್ಲಿಂದ ಹೊಸ ಕಸುವು ಪಡೆಯಿತು. 'ಅದು ಹೇಗೆ?' ಎಂದು ಕೇಳಿದ ಊರು ಅದು. ಆ ಊರಿನ ಮಕ್ಕಳಿಗೆ ದಮನಕನ ಗುರುತು ಇರಬೇಡವೇ? ನಾಳೆ ಅವರ ಕಿವಿಯಲ್ಲಿ ಊದಲು ದಮನಕರು ಸಾಲುಗಟ್ಟಿ ಬರುವರು, ಮತ ಕೇಳಲು ಬರುವರು, ಸಾಲ ಕೊಡಲು ಬರುವರು, ಅಂಗೈಯ ಗಾಜಿನೊಳಗಿಂದಲೂ ಬರುವರು. ದಮನಕನನ್ನು ಬಾಲ ಕಟ್ಟಿಕೊಂಡು ಕುಣಿಯುವ ಮುದ್ದು ನರಿಯಾಗಿ ಮಾತ್ರ ಕಂಡ ಮಗು ಅವನನ್ನು ಹೇಗೆ ಗುರುತಿಸೀತು? ಅವನ ಗುರುತು ಬಾಲದಲ್ಲಿಲ್ಲ, ಮಾತಿನಲ್ಲಿದೆ.

'ಎಲ್ಲವೂ ಸರಿ, ಆದರೆ ಮಾಡುವುದೇನು?' ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ಕುಣಿತವನ್ನೂ ಮಾತನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡ ಕಲೆ ನಮ್ಮ ಊರುಗಳಲ್ಲಿಯೇ ಇದೆ, ಅದು ದೊಡ್ಡಾಟ. ಕಿರೀಟ-ಭುಜಕೀರ್ತಿಗಳನ್ನು ಕಟ್ಟಿಕೊಂಡ ಪಾತ್ರ ಅಟ್ಟದ ಮೇಲೆ ಧಿಗಿಲೆಂದು ಕುಣಿದು ಬರುತ್ತದೆ. ಭಾಗವತರ ಹಾಡು, ಮದ್ದಳೆಯ ಪೆಟ್ಟು ಬೆನ್ನಿಗಿರುತ್ತವೆ. ಕುಣಿತ ನಿಂತೊಡನೆ ಸಾರಥಿ ಎದುರಿಗೆ ಬಂದು, ನೀನು ಯಾರು, ಎಲ್ಲಿಂದ ಬಂದೆ, ಬಂದ ಕಾರಣವೇನೆಂದು ವಿಚಾರಿಸುತ್ತಾನೆ. ಆಗ ಮಾತಿನ ಹೊಳೆ ಹರಿಯುತ್ತದೆ. ಈ ಸಾರಥಿಯನ್ನು ನೋಡಿದಾಗಲೆಲ್ಲ ಅವನು ಪಂಚತಂತ್ರಕ್ಕೆಂದೇ ಹುಟ್ಟಿದವನೆನಿಸುತ್ತದೆ. 'ಅದು ಹೇಗೆ?' ಎಂದು ಕೇಳುವುದೇ ಅವನ ಕಸುಬು. ಅವನು ಕೇಳಲಿ, ದಮನಕ ಹೇಳಲಿ; ಹೇಳಿದ ಕಥೆ ಕುಣಿತವಾಗಿ ಪಕ್ಕದಲ್ಲಿ ಏಳಲಿ; ಅದರೊಳಗೆ ಮತ್ತೆ ಸಾರಥಿ ತಲೆಹಾಕಲಿ. ಕಥೆಯೊಳಗಿನ ಕಥೆಯನ್ನು ರಂಗದ ಮೇಲೆ ತರುವುದು ಹೇಗೆಂದು ಪೀಟರ್ಸ್‌ಬರ್ಗಿನವರಿಗೆ ಹೊಳೆಯದೆ ಬಿಟ್ಟದ್ದಕ್ಕೆ ನಮ್ಮ ಅಟ್ಟದ ಮೇಲೆ ಉತ್ತರ ಸಿದ್ಧವಾಗಿ ನಿಂತಿದೆ. ಕೈಯೆತ್ತಿ ಕರೆಯುವವರು ಬೇಕು, ಅಷ್ಟೆ.

ಇದಕ್ಕೆ ಮೂರು ಅಡ್ಡಿಗಳನ್ನು ಹೇಳುತ್ತಾರೆ. ಒಂದು, ಸಮಯವಿಲ್ಲ. ಏಳು ನಿಮಿಷದ ಹಾಡಿಗೆ ತಿಂಗಳುಗಟ್ಟಲೆ ತಾಲೀಮು ನಡೆಸುವವರಿಗೆ ಇಪ್ಪತ್ತು ನಿಮಿಷದ ಆಟಕ್ಕೆ ಸಮಯ ಸಿಗಲಾರದೇ? ಹತ್ತು ಹಾಡುಗಳ ಬದಲು ಒಂದು ಆಟವಿರಲಿ. ಎರಡು, ಖರ್ಚು. ಬಾಡಿಗೆಯ ಮುಖವಾಡ, ಬಣ್ಣದ ದೀಪ, ಹೊಗೆಯ ಯಂತ್ರ ಇವುಗಳಿಗೆ ತೆರುವ ಹಣದಲ್ಲಿ ಊರಿನ ಮೇಳದವರೊಬ್ಬರನ್ನು ಕರೆಸಿ ಮಕ್ಕಳಿಗೆ ಹೆಜ್ಜೆ ಕಲಿಸಬಹುದು. ಅವರ ಹೊಟ್ಟೆಗೂ ಅಷ್ಟು ಆಸರೆಯಾದೀತು. ಮೂರನೆಯ ಅಡ್ಡಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡದು ಅದೇ. ದೊಡ್ಡಾಟವೆಂದರೆ ಹಳ್ಳಿಯವರದು, ಬ್ಯಾಲೆಯೆಂದರೆ ನಾಗರಿಕರದು ಎಂಬ ಕೀಳರಿಮೆ. ಮಗು ನಾಲ್ಕು ಜನರ ಮುಂದೆ ನಮ್ಮ ಕಡೆಯ ಕನ್ನಡದಲ್ಲಿ 'ಅದ್ಹೆಂಗ?' ಎಂದು ಗಟ್ಟಿಯಾಗಿ ಕೇಳಿದರೆ ತಂದೆತಾಯಿಗಳಿಗೆ ನಾಚಿಕೆ. ಅದಕ್ಕಿಂತ ಮಾತೇ ಇಲ್ಲದ ಕುಣಿತ ವಾಸಿ, ಅದರಲ್ಲಿ ಯಾವ ಊರಿನ ವಾಸನೆಯೂ ಹೊಡೆಯುವುದಿಲ್ಲ! ಮೂಕಾಭಿನಯದ ಜನಪ್ರಿಯತೆಗೆ ಕಲೆ ಕಾರಣವಲ್ಲ, ಈ ಸಂಕೋಚ ಕಾರಣ. ಸಾವಿರ ವರ್ಷದ ಹಿಂದೆ ಚಾಲುಕ್ಯರ ಆಸ್ಥಾನದಲ್ಲಿ ಸಂಸ್ಕೃತ ಪಂಡಿತರ ನಡುವೆ ಕುಳಿತು ಕನ್ನಡದಲ್ಲಿ ಕಥೆ ಹೇಳಲು ಸಯ್ಯಡಿಯ ದುರ್ಗಸಿಂಹ ಸಂಕೋಚಪಡಲಿಲ್ಲ. ಅವನ ಊರಿನ ಮಗ್ಗುಲಲ್ಲಿ ಇರುವ ನಮಗೆ ಬಂದಿದೆ ಸಂಕೋಚ.

ಕುಣಿತವನ್ನು ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ಕುಣಿಯದ ಮಗು ಮಗುವೇ ಅಲ್ಲ. ಗೆಜ್ಜೆ ಕಟ್ಟಿರಿ, ಆದರೆ ಗೆಜ್ಜೆ ಕಟ್ಟುವಾಗ ಬಾಯಿ ಕಟ್ಟಬೇಡಿರಿ. ಮಾತಿಲ್ಲದೆಯೇ ಮಾಡಬೇಕೆಂಬ ಹಟವಿದ್ದರೆ ಬರ್ಧನ್ ಅವರಂತೆ ಮೈಯೇ ಹೇಳಬಲ್ಲ ಕಥೆಯನ್ನು ಆರಿಸಿಕೊಳ್ಳಿರಿ, ದಮನಕನನ್ನು ಬಿಟ್ಟುಬಿಡಿರಿ. ದಮನಕನೇ ಬೇಕೆಂದರೆ ಅವನಿಗೆ ನಾಲಗೆ ಕೊಡಿರಿ, ಅವನೆದುರಿಗೆ ಸಾರಥಿಯನ್ನು ನಿಲ್ಲಿಸಿರಿ. ಪೆಟ್ಟಿಗೆಯ ಹಾಡನ್ನು ಬಿಟ್ಟು ನಿಮ್ಮ ಶಾಲೆಯ ಹತ್ತು ಮಕ್ಕಳ ಕೊರಳನ್ನು ನಂಬಿರಿ. ಅಪಸ್ವರ ಬಂದರೆ ಬರಲಿ, ಅದು ನಮ್ಮದೇ ಅಪಸ್ವರ. ಕಾರ್ಯಕ್ರಮ ಪತ್ರಿಕೆಯಲ್ಲಿ ದುರ್ಗಸಿಂಹನ ಹೆಸರು ಒಂದು ಸಾಲಿನಷ್ಟಾದರೂ ಇರಲಿ. ಸಮ್ಮೇಳನಕ್ಕೆ ಮುನ್ನ ಒಂದು ದಿನ ಮಕ್ಕಳನ್ನು ಸವಡಿಗೂ ಸೂಡಿಗೂ ಕರೆದೊಯ್ಯಿರಿ, ಅನುಕೂಲವಿದ್ದರೆ ಪಟ್ಟದಕಲ್ಲಿಗೂ ಹೋಗಿ ಕಲ್ಲಿನ ಕಥೆಗಳನ್ನು ತೋರಿಸಿರಿ. ಮತ್ತು ದಯವಿಟ್ಟು, ಆಟ ಮುಗಿದ ಮೇಲೆ ಮೈಕಿನ ಮುಂದೆ ಬಂದು ನೀತಿ ಹೇಳಬೇಡಿರಿ. ಆಡಿದ ಮಕ್ಕಳನ್ನೂ ನೋಡಿದ ಮಕ್ಕಳನ್ನೂ ಕೇಳಿರಿ. ಸಂಜೀವಕ ಸತ್ತದ್ದು ಸರಿಯೋ? ಸಿಂಹ ಮಾಡಬೇಕಾದದ್ದೇನಿತ್ತು? ದಮನಕನಿಗೆ ಶಿಕ್ಷೆ ಬೇಡವೇ? ಅವರು ಜಗಳವಾಡಲಿ. ಆ ಜಗಳವೇ ಪಂಚತಂತ್ರ.

ಆ ಜಗಳವಾಡಿದ ಮಗು ದೊಡ್ಡದಾದ ಮೇಲೆ, ವೇದಿಕೆಯ ಮೇಲೆ ನಿಂತವನು ಏನಾದರೊಂದು ಸಾರಿದಾಗ, ಚಪ್ಪಾಳೆ ತಟ್ಟುವುದಕ್ಕೆ ಮೊದಲು ಒಂದು ಗಳಿಗೆ ತಡೆದು 'ಅದ್ಹೆಂಗ?' ಎಂದು ಕೇಳೀತು. ಅಷ್ಟಾದರೆ ಸಯ್ಯಡಿಯ ಮಂತ್ರಿ ಪಟ್ಟ ಶ್ರಮ ಸಾರ್ಥಕ.